ಒಬ್ಬಳಿಗೋಸ್ಕರ ಹಚ್ಚಿದ ಓವನ್

ನನ್ನ ನಾದಿನಿ ನಮ್ಮ ಮನೆಗೆ ಬಂದ ಮಾರನೆಯ ದಿನವೇ ಅಡುಗೆಮನೆಯ ಗೋಡೆಯ ಮೇಲೆ ಸೌಟಿನ ಚಿತ್ರ ಬರೆದಳು. ಮೊಳೆ ಹೊಡೆದು ಸೌಟು ನೇತುಹಾಕಿ, ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆಗೆ ಕಪ್ಪು ಬಣ್ಣ ಬೇರೆ ಹಚ್ಚಿದಳು. ಆಮೇಲೆ ಜಾಲರಿಗೆ, ಲಟ್ಟಣಿಗೆಗೆ, ಕತ್ತರಿಗೆ.

"ಯಾವುದು ಜಾಗದಲ್ಲಿಲ್ಲ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ ಅತ್ತಿಗೆ. ಹುಡುಕೋ ಕೆಲಸ ಇರಲ್ಲ," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದಾಗಿನಿಂದ ಆ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಸೌಟು ತೆಗೆದವಳು ನಾನು. ನನಗೆ ಬಂದು ಪಾಠ ಹೇಳುತ್ತಾಳಲ್ಲ, ಇವಳಿಗೆಷ್ಟು ಧೈರ್ಯ! ರಾತ್ರಿ ಗಂಡನ ಹತ್ತಿರ ಕೂಗಾಡಿದೆ. ಅವರು ಪ್ರೆಸ್ಸಿನಿಂದ ಸುಸ್ತಾಗಿ ಬಂದಿದ್ದರು. "ಅವಳು ಹಾಗೇ ಕಣೇ, ಚಿಕ್ಕಂದಿನಿಂದ್ಲೂ. ನಿನ್ನ ನೋಡ್ಕೊಳ್ಳೋಕೆ ರಜ ಹಾಕಿ ಬಂದಿದಾಳೆ, ಸ್ವಲ್ಪ ಸುಮ್ನಿರು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನಾದಿನಿ ದೂರದ ಊರಿನಲ್ಲಿ ಕಾರಿನ ಬಾಗಿಲ ಬೀಗ ಮಾಡುವ ಫ್ಯಾಕ್ಟರಿಯಲ್ಲಿ ಒಂದು ಸಾಲಿನ ಕೆಲಸಗಾರರಿಗೆ ಮುಖ್ಯಸ್ಥೆ. ಯಾವ ಕೆಲಸದಲ್ಲಿ ಏನು ದಂಡವಾಗುತ್ತಿದೆ, ಯಾರು ಸುಮ್ಮನೆ ಓಡಾಡುತ್ತಿದ್ದಾರೆ, ಯಾವ ವಸ್ತು ಸುಮ್ಮನೆ ಕೂತಿದೆ ಎಂದು ಹುಡುಕುವುದೇ ಅವಳ ಉದ್ಯೋಗ. ಫ್ಯಾಕ್ಟರಿಯಲ್ಲಿ ಮಾಡಿಕೊಳ್ಳಲಿ, ಬೇಡ ಅಂದವರ್ಯಾರು? ಆದರೆ ಅವಳ ಕಣ್ಣಿಗೆ ರಜವೇ ಇಲ್ಲ. ಟಿಕೆಟ್ ಇನ್ಸ್‌ಪೆಕ್ಟರನ್ನು ಕಂಡರೆ ಕಂಡಕ್ಟರಿಗೆ ಹೇಗಾಗುತ್ತದೋ ಅವಳನ್ನು ಕಂಡರೆ ನನಗೆ ಹಾಗಾಗುತ್ತಿತ್ತು. ಮನಸ್ಸಿನಲ್ಲೇ ಅವಳಿಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದೆ.

ಹೌದು, ನಾನು ಬಸ್ ಕಂಡಕ್ಟರ್. ಡಿಪೋದಲ್ಲಿ ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ನನ್ನ ಎಡಗಾಲಿನ ಮೇಲೆ ಹತ್ತಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅತ್ತಿದ್ದೆಲ್ಲ ಅತ್ತಾಗಿದೆ, ಮತ್ತೆ ಕೆದಕುವುದಿಲ್ಲ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವವಳು ಅಂತ ಮೊದಲೇ ನನಗೆ ಹೆಸರಿತ್ತು. "ಇನ್ಮೇಲೆ ಕೆರೆಯೋಕೆ ಒಂದೇ ಕಾಲು ಕಣ್ರೀ," ಎಂದು ಆಸ್ಪತ್ರೆಯ ಮಂಚದಲ್ಲಿ ನಾನೇ ತಮಾಷೆ ಮಾಡಿದ ದಿನ, ಇವಳು ಬದುಕುತ್ತಾಳೆ ಎಂಬ ಧೈರ್ಯ ಬಂತು ಅಂತ ನನ್ನ ಗಂಡ ಈಗಲೂ ಹೇಳುತ್ತಾರೆ.

ಕೃತಕ ಕಾಲು ಹಾಕಿಕೊಂಡು ಕೆಲಸಕ್ಕೆ ಮರಳಲು ಡಿಪೋದವರು ಒಂದು ಪರೀಕ್ಷೆ ಇಟ್ಟಿದ್ದರು. ಬಸ್ಸಿನ ಮೆಟ್ಟಿಲು ಹತ್ತಬೇಕು, ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಡಬೇಕು, ಇಳಿಯಬೇಕು. ಗೆದ್ದರೆ ನನ್ನ ಬಸ್ಸು ನನಗೆ, ಇಲ್ಲದಿದ್ದರೆ ಕಡ್ಡಾಯ ನಿವೃತ್ತಿ. ಎರಡು ಸಲ ಆ ದಿನವನ್ನು ಮುಂದೂಡಿದ್ದರು. "ಇದೇ ಕೊನೆ ಅಮ್ಮ, ಇನ್ನು ನಮ್ಮ ಕೈಲಿಲ್ಲ," ಎಂದು ಡಿಪೋದ ಅಧಿಕಾರಿ ನೊಂದುಕೊಂಡೇ ಹೇಳಿದ್ದರು. ಪರೀಕ್ಷೆ ಆ ಶನಿವಾರ. ದಿನವಿಡೀ ಜನರ ನಡುವೆ ಕೂಗುತ್ತ, ನಗುತ್ತ, ಬೈಯುತ್ತ ಬದುಕಿದವಳು ನಾನು. ಮನೆಯಲ್ಲಿ ಮೂಲೆ ಹಿಡಿದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು.

ಮುಂದೂಡಿದ್ದು ನನ್ನ ಸೋಮಾರಿತನದಿಂದಲ್ಲ, ಕಾಲೇ ಸರಿಹೋಗಿರಲಿಲ್ಲ. ಕತ್ತರಿಸಿದ ಕಾಲಿನ ಮೊಂಡು ಮೊದಮೊದಲು ಊದಿಕೊಂಡಿರುತ್ತದೆ, ದಿನ ಹೋದಂತೆ ಇಳಿಯುತ್ತದೆ. ಆಸ್ಪತ್ರೆಯ ಹಿಂದಿನ ವರ್ಕ್‌ಶಾಪಿನಲ್ಲಿ ಮೊಂಡಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನ ಅಳತೆಗೆ, ಮೊಂಡು ಕೂರಲು ಒಂದು ಪ್ಲಾಸ್ಟಿಕ್ ಬಟ್ಟಲು ಮಾಡುತ್ತಾರೆ. ಬಟ್ಟಲಿಗೆ ಕೊಳವೆ, ಕೊಳವೆಗೆ ಪಾದ. ಬಟ್ಟಲು ಬಿಗಿಯಾಗಿ ಕೂತರೆ ಮಾತ್ರ ನಡಿಗೆ. ನನ್ನ ಮೊದಲನೆಯ ಕಾಲು ಕೈಗೆ ಬರುವಷ್ಟರಲ್ಲಿ ಮೊಂಡು ಇಳಿದು, ಬಟ್ಟಲು ಲೊಡಲೊಡ ಎನ್ನುತ್ತಿತ್ತು. ಎರಡನೆಯದೂ ಅದೇ ಕಥೆ. ಸಾಕ್ಸಿನ ಮೇಲೆ ಸಾಕ್ಸು ತುರುಕಿಕೊಂಡು, ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ನಡೆದು ನಡೆದು ನಡಿಗೆಯೇನೋ ಕಲಿತೆ, ಜೊತೆಗೆ ಚರ್ಮವೆಲ್ಲ ಸುಲಿಯಿತು.

ಆ ವಾರದ ಮೊದಲಲ್ಲಿ, ಎರಡನೆಯ ಕಾಲನ್ನು ಹಿಡಿದುಕೊಂಡು ವರ್ಕ್‌ಶಾಪಿಗೆ ಹೋದಾಗ ನಾದಿನಿ ಜೊತೆಗಿದ್ದಳು. ವರ್ಕ್‌ಶಾಪಿನ ಹಿರಿಯರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಬಂಗಾರದಂಥ ಮನುಷ್ಯ, ಕೈಯಲ್ಲಿ ಅಷ್ಟು ಕಸುಬು. ನನ್ನ ಮೊಂಡನ್ನು ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. "ಮತ್ತೆ ಇಳಿದಿದೆ ತಾಯಿ. ಹೊಸ ಅಚ್ಚು ತೆಗೀಬೇಕು. ಮುಂದಿನ ತಿಂಗಳು ಸಿಗುತ್ತೆ," ಎಂದರು.

ಮುಂದಿನ ತಿಂಗಳು! ಪರೀಕ್ಷೆ ಬರುವ ಶನಿವಾರ! ನಾನು ಬಾಯಿ ತೆರೆಯುವ ಮೊದಲೇ ಇನ್ಸ್‌ಪೆಕ್ಟರಮ್ಮ ಕಪಾಟಿನ ಮುಂದೆ ನಿಂತಾಗಿತ್ತು. ಅಲ್ಲಿ ಮೊಂಡಿನ ಆಕಾರದ ಬಿಳಿಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿದ್ದವು.

"ಇವೆಲ್ಲ ಯಾಕೆ ಸಾರ್ ಇಲ್ಲಿ ಕೂತಿವೆ?"

"ಓವನ್‌ಗೆ ಕಾಯ್ತಿವೆಯಮ್ಮ. ಪ್ಲಾಸ್ಟಿಕ್ ಹಾಳೆ ಅದರಲ್ಲಿ ಕಾಯಿಸಿ ಅಚ್ಚಿನ ಮೇಲೆ ಹೊದಿಸ್ತೀವಿ. ಕಪಾಟು ತುಂಬಲಿ ಅಂತ ಬಿಟ್ಟಿದೀವಿ. ಒಬ್ಬರಿಗೋಸ್ಕರ ಅಷ್ಟು ದೊಡ್ಡ ಓವನ್ ಹಚ್ಚಿದ್ರೆ ಕರೆಂಟು ದಂಡ ಅಲ್ವಾ? ಇಲ್ಲಿ ನಾವು ಒಂದು ಚೂರೂ ಹಾಳು ಮಾಡಲ್ಲ." ಈ ಮಾತನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

"ಕಪಾಟು ತುಂಬೋಷ್ಟರಲ್ಲಿ ನಮ್ಮತ್ತಿಗೆ ಕಾಲು ಇಳಿದುಬಿಡುತ್ತಲ್ಲ ಸಾರ್?"

"ಇಳಿಯುತ್ತೆ. ಏನ್ಮಾಡೋದು, ದೇಹ ಅಲ್ವಾ."

"ಆಗ ಸರಿಹೋಗದ ಬಟ್ಟಲನ್ನ ಏನ್ಮಾಡ್ತೀರಿ?"

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೆ ಎನಿಸಿತು. "ಬಾಯಿ ಮುಚ್ಚೇ! ಅವರೇನೋ ಪುಣ್ಯಾತ್ಮರು ಪುಕ್ಕಟೆ ಕಾಲು ಮಾಡಿಕೊಡ್ತಿದಾರೆ. ನೀನು ಇಲ್ಲೂ ಮೂಗು ತೂರಿಸ್ಬೇಡ," ಎಂದು ಗದರಿದೆ. ನನ್ನ ಭಯವೇ ಬೇರೆ. ಮಾಸ್ಟರಿಗೆ ಸಿಟ್ಟು ಬಂದು ಆ ಮುಂದಿನ ತಿಂಗಳ ಕಾಲೂ ಇಲ್ಲದಂತಾದರೆ?

ಮೂಲೆಯಲ್ಲಿ, ಕೃತಕ ಕಾಲುಗಳಿಗೆ ಪಟ್ಟಿ ಹೊಲಿಯುವ ಹೆಂಗಸೊಬ್ಬಳು ನಿಂತಿದ್ದಳು; ಅಲ್ಲಿನವರೆಲ್ಲ ಅವಳನ್ನು ಬೆಲ್ಟಕ್ಕ ಎನ್ನುತ್ತಿದ್ದರು. ಅವಳೇ ಹಿಂಬಾಗಿಲು ತೆರೆದು, "ಹಿಂದೆ ಇವೆ, ಬನ್ನಿ," ಎಂದಳು. ಶೀಟು ಹೊದಿಸಿದ ಜಾಗದಲ್ಲಿ ಗೋಣಿಚೀಲಗಳು. ಚೀಲಗಳ ತುಂಬ ಯಾರ ಕಾಲಿಗೂ ಆಗದ ಬಟ್ಟಲುಗಳು. ನನ್ನ ಮೊದಲನೆಯದೂ ಅಲ್ಲೇ ಮೇಲೆ ಬಿದ್ದಿತ್ತು. ಯಾವ ಬಟ್ಟಲು ಯಾರ ಕಾಲಿಗಾಗಿ ಕಾದಿತ್ತೋ!

ಮಾಸ್ಟರ್ ನನ್ನ ಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಫ್ಯಾಕ್ಟರಿ ಬೇರೆ, ಇದು ಬೇರೆಯಮ್ಮ. ನಿಮ್ಮ ಬೀಗಗಳೆಲ್ಲ ಒಂದೇ ಥರ. ಇಲ್ಲಿ ಒಂದು ಕಾಲಿನ ಹಾಗೆ ಇನ್ನೊಂದಿರಲ್ಲ," ಎಂದರು.

"ಅದಕ್ಕೇ ಸಾರ್ ಕೇಳ್ತಿರೋದು," ಎಂದಳು ನಾದಿನಿ, ದನಿ ತಗ್ಗಿಸಿ. "ಒಂದೇ ಥರ ಇದ್ದಿದ್ರೆ ರಾಶಿ ಹಾಕಿ ಮಾಡ್ಬಹುದಿತ್ತು. ಒಬ್ಬೊಬ್ಬರದೂ ಬೇರೆ, ದಿನದಿನಕ್ಕೂ ಬೇರೆ. ಅಂದ್ಮೇಲೆ ಒಬ್ಬರದು ಪೂರ್ತಿ ಮುಗಿಸಿ ಇನ್ನೊಬ್ಬರದು ಮುಟ್ಟಿದ್ರೆ? ಒಂದೇ ಒಂದ್ಸಲ ನೋಡೋಣ ಸಾರ್. ಸರಿಹೋಗ್ಲಿಲ್ಲ ಅಂದ್ರೆ ನಾನು ಮತ್ತೆ ಈ ಕಡೆ ತಲೆ ಹಾಕಲ್ಲ."

ಮಾಸ್ಟರ್ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಕ್ಕರು. "ಕರೆಂಟು ಉಳಿಸ್ತಿದೀವಿ ಅಂತ ಇಷ್ಟು ದಿನ ಬೀಗಿದ್ದೇ ಬೀಗಿದ್ದು ಕಣಮ್ಮ! ಆಯ್ತು, ಹಚ್ಚೋಣ. ಇವರೊಬ್ಬರಿಗೋಸ್ಕರ ಹಚ್ಚೋಣ. ಬೈಸಿಕೊಳ್ಳೋದಿದ್ರೆ ನಾನು ಬೈಸಿಕೊಳ್ತೀನಿ." ಬೇರೆಯವರಾಗಿದ್ದರೆ ನಮ್ಮಿಬ್ಬರನ್ನೂ ಗೇಟಿನ ಹೊರಗೆ ದಬ್ಬುತ್ತಿದ್ದರು. ಆ ಪುಣ್ಯಾತ್ಮ ಹಾಗೆ ಮಾಡಲಿಲ್ಲ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಗುರುವಾರ ಬೆಳಿಗ್ಗೆ ನನ್ನ ಮೂರನೆಯ ಅಚ್ಚು ತೆಗೆದರು. ಇನ್ನು ಮನೆಗೆ ಹೋಗಬಹುದು ಎಂದು ನಾನು ಗಾಲಿಕುರ್ಚಿ ತಿರುಗಿಸಿದರೆ ನಾದಿನಿ ಅಡ್ಡ ಬಂದಳು.

"ಅತ್ತಿಗೆ, ನೀವು ನಿಮ್ಮ ಕಾಲಿನ ಹಿಂದೇನೇ ಹೋಗಿ. ಅದು ಎಲ್ಲೆಲ್ಲಿ ಸುಮ್ನೆ ಕೂರುತ್ತೋ ಅಲ್ಲಿ ಸೀಟಿ ಊದಿ."

"ಏನು?"

"ಕಂಡಕ್ಟರ್ ಅಲ್ವಾ? ಸೀಟಿ ಬ್ಯಾಗಲ್ಲೇ ಇದೆ ತಾನೆ?"

ಇತ್ತು. ಅಪಘಾತವಾದಾಗಿನಿಂದ ಊದಿರಲಿಲ್ಲ ಅಷ್ಟೆ. ಎಲಾ ಇವಳ, ನನ್ನ ಬ್ಯಾಗನ್ನೂ ನೋಡಿದ್ದಾಳೆ ಎಂದುಕೊಂಡೆ. ಆದರೆ ಊದು ಎಂದರೆ ಬಿಡುವವಳೇ ನಾನು? ಅಚ್ಚನ್ನು ಕೆಳಗಿನ ಕೋಣೆಯಲ್ಲಿ ಇಟ್ಟು, ಅದನ್ನು ಒಯ್ಯುವವನು ಟೀ ಕುಡಿಯಲು ಹೋದ, ಊದಿದೆ. ಅಚ್ಚು ಉಜ್ಜುವ ಅರ ಇನ್ನೊಂದು ಕೋಣೆಯಲ್ಲಿತ್ತು, ಊದಿದೆ. ಪಾದಗಳ ಬೀರುವಿಗೆ ಬೀಗ, ಬೀಗದ ಕೈ ಮಾಸ್ಟರ ಜೇಬಿನಲ್ಲಿ, ಮಾಸ್ಟರ್ ಆಸ್ಪತ್ರೆಯ ಮೀಟಿಂಗಿನಲ್ಲಿ. ಅಲ್ಲಂತೂ ಉಸಿರು ಕಟ್ಟುವವರೆಗೂ ಊದಿದೆ. ಇಡೀ ವರ್ಕ್‌ಶಾಪಿಗೆ ಇದ್ದದ್ದು ಒಂದೇ ಒಳ್ಳೆಯ ಸ್ಪ್ಯಾನರ್. ಅದಕ್ಕಾಗಿ ಒಬ್ಬರನ್ನೊಬ್ಬರು ಹುಡುಕುತ್ತ ಮೂವರು ಮೂರು ದಿಕ್ಕಿಗೆ ಹೋದರು. ಬೆಲ್ಟಕ್ಕನ ಮೆಷೀನು ಮಹಡಿಯ ಮೇಲೆ. ನನ್ನ ಗಾಲಿಕುರ್ಚಿ ಮೆಟ್ಟಿಲ ಬುಡದಲ್ಲೇ ನಿಂತಿತು. ಕೆಳಗಿನಿಂದಲೇ ಊದಿದೆ.

"ಅಯ್ಯೋ ಮಾರಾಯ್ತಿ, ಆ ಸೀಟಿ ಕಸ್ಕೊಳ್ರೋ ಯಾರಾದ್ರೂ!" ಎಂದು, ನನ್ನ ಅಚ್ಚು ತೆಗೆದಿದ್ದ ಪ್ಲಾಸ್ಟರಿನವನು ಕಿವಿ ಮುಚ್ಚಿಕೊಂಡ. ಆದರೆ ಮಧ್ಯಾಹ್ನದ ಹೊತ್ತಿಗೆ ಅವನೇ ಸ್ನೇಹಿತರನ್ನು ಕರೆದು ತನ್ನ ಮೇಜನ್ನು ಓವನ್ನಿನ ಪಕ್ಕಕ್ಕೆ ಎಳೆದ. ಬೆಲ್ಟಕ್ಕನ ಮೆಷೀನನ್ನು ನಾಲ್ಕು ಜನ ಹೊತ್ತು ಕೆಳಗಿಳಿಸಿದರು. "ಮಂಡಿ ನೋವು ಅಂತ ಇಷ್ಟು ದಿನ ಬಡ್ಕೊಂಡೆ, ಯಾರ ಕಿವಿಗೂ ಬೀಳ್ಲಿಲ್ಲ. ನಿನ್ನ ಸೀಟಿ ಬಿತ್ತು ನೋಡು," ಎಂದು ಅವಳು ನನ್ನ ಕೆನ್ನೆ ಹಿಂಡಿದಳು. ಪಾದಗಳ ಬೀರು ತೆರೆದೇ ಉಳಿಯಿತು. ಸಂಜೆ ನಾವು ಹೊರಡುವಾಗ ಅಚ್ಚು, ಅರ, ಹಾಳೆ, ಕೊಳವೆ, ಪಟ್ಟಿ ಎಲ್ಲ ಒಂದೇ ಕೋಣೆಯಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಟಕುವಷ್ಟು ದೂರದಲ್ಲಿದ್ದವು.

ಶುಕ್ರವಾರ ಮಧ್ಯಾಹ್ನ ನನ್ನ ಕಾಲು ಸಿದ್ಧವಾಗಿತ್ತು! ಒಂದು ತಿಂಗಳು ಹಿಡಿಯುತ್ತಿದ್ದದ್ದು ಮಾರನೆಯ ದಿನಕ್ಕೇ. ಮಾಸ್ಟರಿಗೇ ನಂಬಿಕೆ ಬರಲಿಲ್ಲ. ಹಾಕಿಕೊಂಡು ಎದ್ದು ನಿಂತೆ. ಲೊಡಲೊಡ ಇಲ್ಲ, ಗಟ್ಟಿಯಾಗಿ ಕೂತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಬಿಗಳ ನಡುವೆ ನಡೆದೆ. ಮುಂಭಾಗದ ಮೂಳೆಯ ತುದಿಯಲ್ಲಿ ಏನೋ ಚುಚ್ಚಿತು. ಭಾರ ಹಾಕಿದಾಗಲೆಲ್ಲ ಚುಚ್ಚಿತು. ಚುಚ್ಚಿಕೊಳ್ಳಲಿ, ನಾಳೆಯೊಂದು ದಿನ ಹಲ್ಲು ಕಚ್ಚಿಕೊಂಡರಾಯಿತು ಎಂದು ನಗುತ್ತಲೇ ನಡೆದೆ.

"ಹೇಗಿದೆ ತಾಯಿ?" ಎಂದರು ಮಾಸ್ಟರ್.

"ಹೇಳಿ ಮಾಡಿಸಿದ ಹಾಗಿದೆ," ಎಂದೆ.

ನಾದಿನಿ ನನ್ನ ಕಾಲನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದಳು. "ಇನ್ನೊಂದ್ಸಲ ನಡೀರಿ ಅತ್ತಿಗೆ." ನಡೆದೆ. "ಇನ್ನೊಂದ್ಸಲ." ನಡೆದೆ. ಆಗ ಅವಳು ತಿರುಗಿ, "ಮಾಸ್ಟರ್, ನಿಲ್ಲಿಸಿ. ಇದು ಹೊರಗೆ ಹೋಗೋ ಹಾಗಿಲ್ಲ," ಎಂದಳು.

"ಯಾಕಮ್ಮ? ಅವರೇ ಸರಿಯಿದೆ ಅಂತಿದಾರಲ್ಲ."

"ಅತ್ತಿಗೆ ಈ ಕಾಲು ಹಾಕ್ಕೊಂಡಾಗಿನಿಂದ ನನ್ನ ಒಂದ್ಸಲಾನೂ ಬೈದಿಲ್ಲ ಸಾರ್. ಮೂರು ಸಲ ನಡೆಸಿದೆ, ಆದ್ರೂ ಬೈಲಿಲ್ಲ. ಅವರಿಗೆ ಎಲ್ಲೋ ನೋವಾಗ್ತಿದೆ."

ಮಾಸ್ಟರ್ ಕಾಲು ಬಿಚ್ಚಿಸಿ ನೋಡಿದರು. ಮೂಳೆಯ ತುದಿಯಲ್ಲಿ ಕೆಂಪಗೆ ಬಿದ್ದಿತ್ತು. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. "ನಾಳೆ ಪರೀಕ್ಷೆ ಇದೆಯಲ್ಲ. ಅದೊಂದು ಮುಗೀಲಿ, ಸೋಮವಾರ ಸರಿ ಮಾಡೋಣ," ಎಂದರು, ನನ್ನ ಮೇಲಿನ ಕನಿಕರದಿಂದಲೇ.

"ಬೇಡ ಸಾರ್. ಕೆಟ್ಟಿದೆ ಅಂತ ಗೊತ್ತಿದ್ದೂ ಮುಂದಿನವರ ಕೈಗೆ ದಾಟಿಸಬಾರದು. ಇಲ್ಲಿ ಮುಂದಿನವರು ಅಂದ್ರೆ ಅತ್ತಿಗೇನೇ," ಎಂದು ನಾದಿನಿ ಬಿಚ್ಚಿಟ್ಟ ಕಾಲನ್ನು ಎತ್ತಿಕೊಂಡಳು.

ನನ್ನ ತಲೆ ಕೆಟ್ಟುಹೋಯಿತು. "ಏನೇ ನಿನ್ನ ಅಧಿಕಾರ? ಕಾಲು ನಂದು, ನೋವು ನಂದು, ನಾನು ತಡ್ಕೊತೀನಿ! ಇದನ್ನ ಬಿಚ್ಚಿ ಹಾಕಿ, ಇನ್ನೊಂದು ಆಗ್ದೇ ಹೋದ್ರೆ? ನಾಳೆ ನನ್ನ ಕೆಲಸ ಹೋದ್ರೆ ನಿನಗೇನು ಹೋಗೋದು? ನೀನು ನಿನ್ನೂರಿಗೆ ಹೋಗಿ ಗೆರೆ ಎಳ್ಕೊಂಡು ಕೂರ್ತೀಯ. ನಾನಿಲ್ಲಿ ಮೂಲೇಲಿ ಕೊಳೀಬೇಕು. ಕೊಡೇ ಅದನ್ನ!"

ನಾದಿನಿಯ ಮುಖ ಬಿಳಿಚಿಕೊಂಡಿತು. ಆದರೂ ಕಾಲನ್ನು ಎದೆಗವಚಿಕೊಂಡೇ ನಿಂತಳು. "ಬೈಯಿರಿ ಅತ್ತಿಗೆ, ಎಷ್ಟು ಬೇಕಾದ್ರೂ ಬೈಯಿರಿ. ಕಾಲು ಮಾತ್ರ ಕೊಡಲ್ಲ."

ಹಳೆಯ ಪದ್ಧತಿಯಲ್ಲಾಗಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿದಿತ್ತು. ಅಚ್ಚನ್ನು ಒಡೆದು ಹಾಕಿರುತ್ತಿದ್ದರು, ಓವನ್ ಮುಂದಿನ ತಿಂಗಳವರೆಗೆ ತಣ್ಣಗಿರುತ್ತಿತ್ತು. ಈಗ ಅಚ್ಚು ಪಕ್ಕದ ಮೇಜಿನ ಮೇಲೇ ಇತ್ತು. ಓವನ್ ಬಿಸಿಯಾಗೇ ಇತ್ತು, ಏಕೆಂದರೆ ನನ್ನ ನಂತರದವರದನ್ನು ಆಗಲೇ ಶುರು ಮಾಡಿದ್ದರು. ಆ ನಂತರದವರು ಒಬ್ಬ ಮುದುಕಪ್ಪ. "ಮೊದಲು ಆ ಮಗೂದು ಮುಗಿಸ್ರಪ್ಪ, ನಾನು ಕಾಯ್ತೀನಿ," ಎಂದು ಅವರೇ ಬಿಟ್ಟುಕೊಟ್ಟರು. ನನ್ನಂಥವಳನ್ನು ಮಗು ಎಂದರಲ್ಲ, ಆ ಸಿಟ್ಟಿನಲ್ಲೂ ನನಗೆ ಅಳು ಬಂತು. ಬಟ್ಟಲು ಮೂಳೆಗೆ ಒತ್ತದಿರಲೆಂದು ಮಾಸ್ಟರ್ ಅಚ್ಚಿನ ಮೇಲೆ ಆ ಜಾಗಕ್ಕೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ, ಒಣಗಿಸಿ, ಉಜ್ಜಿ, ಹೊಸ ಹಾಳೆ ಹೊದಿಸಿದರು. ಬೆಲ್ಟಕ್ಕ ಕೆಲಸದ ಹೊತ್ತು ಮುಗಿದರೂ ಮನೆಗೆ ಹೋಗದೆ ಪಟ್ಟಿ ಹೊಲಿದಳು. ದೀಪ ಹಚ್ಚುವ ಹೊತ್ತಿಗೆ ಕಾಲು ಮತ್ತೆ ನನ್ನ ಮುಂದಿತ್ತು.

ಹಾಕಿಕೊಂಡು ನಿಂತೆ, ನಡೆದೆ, ತಿರುಗಿದೆ. ಎಲ್ಲೂ ಏನೂ ಚುಚ್ಚಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನೇ ಹಾಗೆ ಕಣ್ಣು ಬಿಟ್ಕೊಂಡು ನಿಂತಿದೀಯ? ಒಂದು ಲೋಟ ನೀರು ಕೊಡೋಕಾಗಲ್ವಾ ನಿನಗೆ?" ಎಂದು ನಾದಿನಿಯ ಮೇಲೆ ರೇಗಿದೆ.

"ಆಯ್ತು, ಕಾಲು ಸರಿಹೋಯ್ತು!" ಎಂದು ಮಾಸ್ಟರ್ ಕೂಗಿದರು. ಕೋಣೆಯೆಲ್ಲ ನಗು. ಮಾಸ್ಟರಿಗೆ ಕೈಮುಗಿದೆ, ಬೆಲ್ಟಕ್ಕನನ್ನು ತಬ್ಬಿಕೊಂಡೆ, ಮುದುಕಪ್ಪನ ಕೈ ಹಿಡಿದುಕೊಂಡೆ. ನಾದಿನಿಗೆ ಮಾತ್ರ ಏನೂ ಹೇಳಲಾಗಲಿಲ್ಲ. ಅಷ್ಟೆಲ್ಲ ಅಂದಮೇಲೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಡಿಪೋದಲ್ಲಿ ನಮ್ಮವರೆಲ್ಲ ಸೇರಿದ್ದರು. ಅಧಿಕಾರಿ, ಡಾಕ್ಟರು, ಇನ್ನಿಬ್ಬರು ಬಸ್ಸಿನಲ್ಲಿ ಪ್ರಯಾಣಿಕರಂತೆ ಕೂತಿದ್ದರು. ಮೆಟ್ಟಿಲು ಹತ್ತಿದೆ. ಬಸ್ಸು ಹೊರಟಿತು, ಟಿಕೆಟ್ ಕೊಡುತ್ತ ಹೋದೆ. ತಿರುವಿನಲ್ಲಿ ವಾಲಿದೆ, ಸಾವರಿಸಿಕೊಂಡೆ. ಡ್ರೈವರ್ ನನ್ನ ಹಳೆಯ ಜೊತೆಗಾರ. ಅವನಿಗೂ ಅಪ್ಪಣೆಯಾಗಿತ್ತು ಅಂತ ಕಾಣುತ್ತದೆ, ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದ. ಮೈಯ ಭಾರವೆಲ್ಲ ರಪ್ಪನೆ ಮುಂದಕ್ಕೆ ಬಂದು ಎಡಗಾಲಿನ ಮೂಳೆಯ ತುದಿಯ ಮೇಲೆ ಬಿತ್ತು. ಹಿಂದಿನ ದಿನ ಮಧ್ಯಾಹ್ನ ಚುಚ್ಚುತ್ತಿತ್ತಲ್ಲ, ಅದೇ ಜಾಗ. ನಾನು ಬೀಳಲಿಲ್ಲ. ಡಾಕ್ಟರ ಕೈಗೆ ಟಿಕೆಟ್ ಕೊಟ್ಟೆ. ಅವರು ಅದನ್ನು ಜೇಬಿಗಿಟ್ಟುಕೊಂಡು, "ಸೋಮವಾರದಿಂದ ಬನ್ನಿ," ಎಂದರು.

ಇಳಿದ ತಕ್ಷಣ ಗಂಡ ಓಡಿ ಬಂದರು. "ಪಾಸಾ?" ಎಂದರು. ಪಾಸಾ, ಪಾಸಾ, ಎಲ್ಲರ ಬಾಯಲ್ಲೂ ಅದೇ. ಹೌದು ಅಂದಿದ್ದೇ ತಡ, ಡಿಪೋವೇ ಹಾರಿಹೋಗುವ ಹಾಗೆ ಕೂಗಿದರು. ಗಂಡ ಎಲ್ಲರೆದುರೇ ಅತ್ತುಬಿಟ್ಟರು. ನಾದಿನಿ ದೂರದಲ್ಲಿ ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದಳು. ಗದ್ದಲ ಇಳಿದ ಮೇಲೆ ಮೆಲ್ಲಗೆ ಬಂದಳು. ಪಾಸಾ ಎಂದು ಕೇಳಲಿಲ್ಲ.

"ನೋವಾಯ್ತಾ ಅತ್ತಿಗೆ?"

"ಇಲ್ಲ."

"ಬ್ರೇಕ್ ಹಾಕಿದಾಗ?"

"ಆಗ್ಲೂ ಇಲ್ಲ ಕಣೇ."

ಅವಳು ಅಲ್ಲೇ ಎಣ್ಣೆ ಮೆತ್ತಿದ ನೆಲದ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಅತ್ತಿಗೆ. ನಾನು ನಿಲ್ಲಿಸಿದ್ದರಿಂದ್ಲೇ ನಿಮ್ಮ ಕೆಲಸ ಹೋಗ್ಬಿಟ್ರೆ ಏನ್ಮಾಡ್ಲಿ, ಅಣ್ಣನಿಗೆ ಹೇಗೆ ಮುಖ ತೋರಿಸ್ಲಿ ಅಂತ..."

ನನ್ನಷ್ಟೇ ಹೆದರಿಕೊಂಡು, ನನ್ನಿಂದಲೇ ಬೈಸಿಕೊಂಡು, ಆ ಕಾಲನ್ನು ಹಿಡಿದು ನಿಂತಿದ್ದಳಲ್ಲ ಇವಳು! ಹೊಸ ಕಾಲನ್ನು ಮಡಿಸಿ ಕಷ್ಟಪಟ್ಟು ಅವಳ ಪಕ್ಕ ನೆಲಕ್ಕೆ ಕೂತೆ. "ನೀನು ನಿಲ್ಲಿಸ್ದೇ ಇದ್ದಿದ್ರೆ ಆ ಬ್ರೇಕಿಗೆ ನಾನು ಬಿದ್ದುಬಿಡ್ತಿದ್ದೆ ಕಣೇ. ಇವತ್ತು ನನ್ನ ಬಸ್ಸು ನನಗೆ ಸಿಕ್ಕಿದ್ರೆ ಅದು ನಿನ್ನಿಂದ. ನನಗೆ ಒಬ್ಬಳು ತಂಗಿ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ," ಎಂದೆ. ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಒರಗಿ ಅತ್ತೆವು, ಸುತ್ತ ಡ್ರೈವರುಗಳು ಏನು ಮಾಡಬೇಕೆಂದು ತೋಚದೆ ನಿಂತಿದ್ದರು.

ಗಂಡ ಎಬ್ಬಿಸಲು ಬಂದರು. ಬೇಡ ಎಂದು ತಲೆಯಾಡಿಸಿ, ಬಸ್ಸಿನ ಬಾಗಿಲು ಹಿಡಿದು ನಾನೇ ಎದ್ದೆ. ಎದ್ದು ನಾದಿನಿಗೆ ಕೈ ಚಾಚಿದೆ. ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಎದ್ದಾಗ ಅವಳ ಭಾರವೆಲ್ಲ ನನ್ನ ಎಡಗಾಲಿನ ಮೇಲೆ ಬಿತ್ತು. ನೋವಾಗಲಿಲ್ಲ.